ಚಿನ್ನಿಯ ಉದುರುವ ಕೂದಲಿಗೆ ನಾಲ್ಕು ಸಾಧನಗಳು: ಎರಡು ವರ್ಷಗಳ ಹೋಲಿಕೆ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಸಮೀಪದ ನಮ್ಮ ಮನೆಯಲ್ಲಿ ಐದು ವರ್ಷದ ಜರ್ಮನ್ ಶೆಫರ್ಡ್ ಹೆಣ್ಣುನಾಯಿ ಇದೆ. ಹೆಸರು ಚಿನ್ನಿ, ತೂಕ 28 ಕಿಲೋ. ಅವಳ ಉದುರುವ ಕೂದಲಿಗಾಗಿ ಎರಡು ವರ್ಷಗಳಲ್ಲಿ ನಾಲ್ಕು ಬಗೆಯ ಸಾಧನಗಳನ್ನು ಕೊಂಡು, ಒಂದೊಂದನ್ನೂ ಸಾಕಷ್ಟು ದಿನ ಬಳಸಿ ನೋಡಿದೆ. ಈಗ ಜಗಲಿಯ ಮೊಳೆಯಲ್ಲಿ ತೂಗುತ್ತಿರುವುದು 550 ರೂಪಾಯಿಯ ಅಂಡರ್‌ಕೋಟ್ ರೇಕ್, ಅಂದರೆ ಒಳಪದರದ ಕೂದಲು ಬಾಚುವ ಕುಂಟೆಯಂಥ ಬಾಚಣಿಗೆ. ಅದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಹಣ ಕೊಟ್ಟು ತಂದ, ಉದುರುವ ಕೂದಲನ್ನು ಎಳೆದು ತೆಗೆಯುವ ಡಿಶೆಡ್ಡಿಂಗ್ ಬ್ಲೇಡ್ ಕಪಾಟಿನಲ್ಲಿದೆ. ಅದರಿಂದ ಆದ ಹಾನಿ ಸರಿಹೋಗಲು ಒಂದು ಮಳೆಗಾಲ ಪೂರ್ತಿ ಕಾಯಬೇಕಾಯಿತು.

ಈ ತಳಿಯ ಮೈಮೇಲೆ ಎರಡು ಪದರ ಕೂದಲಿರುತ್ತದೆ. ಹೊರಗಿನದು ನೇರವಾದ, ಬಿರುಸಾದ, ನೀರನ್ನು ಜಾರಿಸುವ ಕೂದಲು. ಒಳಗಿನದು ಹತ್ತಿಯಂತೆ ಮೆತ್ತಗಿರುವ ದಟ್ಟ ತುಪ್ಪಳ. ಮನೆಯ ಮೂಲೆಗಳಲ್ಲಿ ಉಂಡೆಯಾಗಿ ಉರುಳುವುದು ಹೆಚ್ಚಾಗಿ ಈ ಒಳಗಿನ ತುಪ್ಪಳವೇ. ಹಗಲಿನ ಅವಧಿ ಹೆಚ್ಚು ಕಡಿಮೆಯಾದಂತೆ ನಾಯಿಯ ದೇಹ ಹಳೆಯ ತುಪ್ಪಳವನ್ನು ಕಳಚಿ ಹೊಸದನ್ನು ಬೆಳೆಸಿಕೊಳ್ಳುತ್ತದೆ. ತಳಿಯ ತವರಾದ ಜರ್ಮನಿಯಲ್ಲಿ ಬೇಸಿಗೆಯ ದೀರ್ಘ ಹಗಲಿಗೂ ಚಳಿಗಾಲದ ಮೊಟಕು ಹಗಲಿಗೂ ಎಂಟೊಂಬತ್ತು ಗಂಟೆಗಳ ಅಂತರವಿದ್ದರೆ, ನಮ್ಮಲ್ಲಿ ಆ ಅಂತರ ಎರಡು ಗಂಟೆಯೂ ಇಲ್ಲ. ಚಿನ್ನಿಗೆ ವರ್ಷವಿಡೀ ಅಷ್ಟಿಷ್ಟು ಕೂದಲು ಉದುರುತ್ತಲೇ ಇರುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಎಣಿಕೆ. ಇದರ ಮೇಲೆ, ಬೆದೆಗೆ ಬಂದು ಹೋದ ಎರಡು ಮೂರು ತಿಂಗಳ ನಂತರ ಒಮ್ಮೆ ರಾಶಿರಾಶಿಯಾಗಿ ಉದುರುತ್ತದೆ. ಆದ್ದರಿಂದ ನನಗೆ ಬೇಕಾಗಿದ್ದದ್ದು ವರ್ಷಕ್ಕೆರಡು ಸಲ ಹೊರತೆಗೆಯುವ ಸಾಧನವಲ್ಲ, ವಾರವಾರವೂ ಧೈರ್ಯವಾಗಿ ಬಳಸಬಹುದಾದ ಸಾಧನ.

ಬ್ಲೇಡನ್ನು ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಶಿವಮೊಗ್ಗದ ಅಂಗಡಿಯೊಂದರಲ್ಲಿ 1,400 ರೂಪಾಯಿಗೆ ಕೊಂಡೆ. ಕ್ಷೌರದ ಮೆಷಿನ್ನಿನ ತುದಿಯಲ್ಲಿರುವಂಥ ಸಣ್ಣ, ಒತ್ತೊತ್ತಾದ ಉಕ್ಕಿನ ಹಲ್ಲುಗಳು ಅದಕ್ಕಿವೆ. ದಿನಕ್ಕೆ ಇಪ್ಪತ್ತು ನಿಮಿಷ ಬಾಚಿ ಎಂದು ಅಂಗಡಿಯವರು ಹೇಳಿದರು, ನಾನು ಹಾಗೆಯೇ ಮಾಡಿದೆ. ಮೊದಲ ವಾರದ ಫಲಿತಾಂಶ ನೋಡಿ ಮನೆಯವರೆಲ್ಲ ಸಂತೋಷಪಟ್ಟರು. ಒಮ್ಮೆ ಎಳೆದರೆ ಅಂಗೈ ತುಂಬ ಕೂದಲು ಬರುತ್ತಿತ್ತು. ಕೆಂಪು ಗಾರೆಯ ನೆಲವನ್ನು ದಿನಕ್ಕೆ ಮೂರು ಸಲ ಗುಡಿಸುತ್ತಿದ್ದ ಅತ್ತೆಯವರು ಒಂದೇ ಸಲಕ್ಕೆ ನಿಲ್ಲಿಸಿದರು.

ಮೂರನೆಯ ವಾರ ಚಿನ್ನಿಯ ಸೊಂಟದಿಂದ ಬಾಲದ ಬುಡದವರೆಗಿನ ಭಾಗ ಬೇರೆಯಾಗಿ ಕಾಣತೊಡಗಿತು. ಹೊಳಪು ಹೋಗಿ, ಕೈಯಾಡಿಸಿದರೆ ಗರಗರ ಎನ್ನುತ್ತಿತ್ತು. ಹಳೆಯ ಕೂದಲು ಹೋಗಿ ಹೊಸದು ಬರುತ್ತಿರಬೇಕೆಂದು ನಾನೇ ಸಮಾಧಾನ ಹೇಳಿಕೊಂಡು ಇನ್ನೂ ಒಂದು ವಾರ ಬಾಚಿದೆ. ಆ ಒಂದು ವಾರದ ಬಗ್ಗೆ ನನಗೆ ಇಂದಿಗೂ ಬೇಸರವಿದೆ.

ತಪ್ಪು ಗೊತ್ತಾದದ್ದು ಆಕಸ್ಮಿಕವಾಗಿ. ಬಾಚಿದ ಕೂದಲನ್ನು ಒಂದು ಸಂಜೆ ಬಿಳಿಯ ಕಾಗದದ ಮೇಲೆ ಸುರಿದಿದ್ದಾಗ, ಬೂದುಬಣ್ಣದ ತುಪ್ಪಳದ ನಡುವೆ ಎಳ್ಳು ಚೆಲ್ಲಿದಂತೆ ಕಪ್ಪು ಚೂರುಗಳು ಕಂಡವು. ಚಿನ್ನಿಯ ಬೆನ್ನಿನ ಮೇಲೆ ಕಪ್ಪಾಗಿರುವುದು ಹೊರಪದರದ ಕೂದಲು ಮಾತ್ರ; ಒಳಗಿನ ತುಪ್ಪಳ ಮಾಸಲು ಬೂದು. ತಾನಾಗಿ ಉದುರಿದ ಕೂದಲು ಪೂರ್ತಿ ಉದ್ದವಿರುತ್ತದೆ, ಒಂದು ತುದಿ ಚೂಪಾಗಿದ್ದು ಇನ್ನೊಂದು ತುದಿಯಲ್ಲಿ ಸಣ್ಣ ಗಂಟಿನಂಥ ಬುಡ ಇರುತ್ತದೆ. ಈ ಚೂರುಗಳಾದರೋ ಅರ್ಧ ಇಂಚೂ ಇರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಹೆಚ್ಚಿನವಕ್ಕೆ ಬುಡವೇ ಇಲ್ಲ, ತುದಿ ಮೊಂಡಾಗಿ ಕತ್ತರಿಸಿದಂತಿತ್ತು. ಅಂದರೆ ಬ್ಲೇಡ್ ಸತ್ತ ತುಪ್ಪಳವನ್ನು ಎಳೆದು ತೆಗೆಯುವುದರ ಜೊತೆಗೆ, ಇನ್ನೂ ಗಟ್ಟಿಯಾಗಿ ನಿಂತಿದ್ದ ಹೊರಗಿನ ಕೂದಲನ್ನೂ ನಡುವಿನಲ್ಲಿ ತುಂಡರಿಸುತ್ತಿತ್ತು. ದಿನವೂ ಅಷ್ಟೊಂದು ಬರುತ್ತಿದೆಯಲ್ಲ ಎಂದು ನಾನು ಹಿಗ್ಗಿದ ರಾಶಿಯಲ್ಲಿ ಒಂದು ಪಾಲು ಉದುರಬೇಕಾಗಿಲ್ಲದ ಕೂದಲೇ ಆಗಿತ್ತು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಇದರ ನಿಜವಾದ ಬೆಲೆ ತಿಳಿಯಿತು. ಚಿನ್ನಿ ತೋಟಕ್ಕೆ ಹೋಗಿ ಬಂದು ಒಮ್ಮೆ ಮೈ ಕೊಡವಿದರೆ ಮೊದಲೆಲ್ಲ ನೀರು ಹಾರಿಹೋಗಿ ಚರ್ಮದ ಹತ್ತಿರ ಒಣಗಿಯೇ ಇರುತ್ತಿತ್ತು. ಆ ವರ್ಷ ಸೊಂಟದ ಭಾಗದಲ್ಲಿ ಮಾತ್ರ ನೀರು ನೇರವಾಗಿ ಒಳಗಿಳಿದು, ತುಪ್ಪಳ ಗಂಟೆಗಟ್ಟಲೆ ಹಸಿಯಾಗಿಯೇ ಉಳಿಯುತ್ತಿತ್ತು. ಮಲೆನಾಡಿನ ಜುಲೈ ತಿಂಗಳಲ್ಲಿ ಬಟ್ಟೆಯನ್ನೇ ಒಣಗಿಸುವುದು ಕಷ್ಟವಾಗಿರುವಾಗ ನಾಯಿಯನ್ನು ಒಣಗಿಸುವುದು ಹೇಗೆ? ದಿನಕ್ಕೆರಡು ಟವೆಲ್ ಹಿಡಿದು ಒರೆಸಿದೆ, ಬಚ್ಚಲೊಲೆಯ ಬಳಿ ಮಲಗಿಸಿದೆ. ಆದರೂ ಆಗಸ್ಟಿನಲ್ಲಿ ಅಂಗೈ ಅಗಲದ ಜಾಗ ಕೆಂಪಾಗಿ ಜಿನುಗತೊಡಗಿತು. ಪಶುವೈದ್ಯರು ಸುತ್ತಲಿನ ಕೂದಲು ತೆಗೆದು, ತೊಳೆಯಲು ಔಷಧ ಕೊಟ್ಟರು. ತೇವ ನಿಂತು ಹೀಗಾಗುತ್ತದೆ, ಇನ್ನು ಮುಂದೆ ಆ ಬ್ಲೇಡನ್ನು ಒತ್ತಿ ಎಳೆಯಬೇಡಿ ಎಂದರು. ಹೊರಪದರ ಮೊದಲಿನಂತೆ ಬೆಳೆದದ್ದು ದೀಪಾವಳಿಯ ಹೊತ್ತಿಗೆ.

ರೇಕ್ ಬಂದದ್ದು ಈ ನಡುವೆ. ಎರಡು ಸಾಲಾಗಿ, ಸುಮಾರು ಎರಡು ಸೆಂಟಿಮೀಟರ್ ಉದ್ದದ, ತುದಿ ಗುಂಡಗಿರುವ ಉಕ್ಕಿನ ಕಡ್ಡಿಗಳು. ಹಿಡಿ ಕುಂಟೆಯ ಹಾಗೆ ಅಡ್ಡಕ್ಕಿದೆ. ಕಡ್ಡಿಗಳ ನಡುವೆ ಅಂತರವಿರುವುದರಿಂದ ಹೊರಗಿನ ಕೂದಲು ಸಲೀಸಾಗಿ ಜಾರಿಹೋಗುತ್ತದೆ, ಬುಡ ಬಿಟ್ಟುಕೊಂಡ ತುಪ್ಪಳ ಮಾತ್ರ ಸಿಕ್ಕಿಕೊಂಡು ಬರುತ್ತದೆ. ಬಿಳಿ ಕಾಗದದ ಪರೀಕ್ಷೆಯನ್ನು ಇದಕ್ಕೂ ಮಾಡಿದೆ: ರಾಶಿಯೆಲ್ಲ ಬೂದು, ಅಲ್ಲೊಂದು ಇಲ್ಲೊಂದು ಬುಡಸಹಿತವಾದ ಉದ್ದನೆಯ ಕಪ್ಪು ಕೂದಲು. ಒಂದು ಎಳೆತಕ್ಕೆ ಬ್ಲೇಡಿನಷ್ಟು ಬರುವುದಿಲ್ಲ ಎಂಬುದು ನಿಜ. ಅತ್ತೆಯವರು ಈಗ ದಿನಕ್ಕೆ ಎರಡು ಸಲ ಗುಡಿಸುತ್ತಾರೆ. ಅದು ನಮಗೆ ಒಪ್ಪಿತವಾಗಿದೆ.

ರೇಕಿನಿಂದ ನಾನು ನಿರೀಕ್ಷಿಸದಿದ್ದ ಇನ್ನೊಂದು ಪ್ರಯೋಜನ ಸಿಕ್ಕಿತು. ಅದು ಬೈತಲೆ ತೆಗೆದಂತೆ ಕೂದಲನ್ನು ಬೇರ್ಪಡಿಸುವುದರಿಂದ ಚರ್ಮ ಕಣ್ಣಿಗೆ ಬೀಳುತ್ತದೆ, ಉಣುಗು ಕಚ್ಚಿಕೊಂಡಿದ್ದರೆ ಆಗಲೇ ಸಿಗುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ ಕ್ಯಾಸನೂರು ಕಾಡು ನಮ್ಮ ಪಕ್ಕದ ಸೊರಬ ತಾಲ್ಲೂಕಿನದು. ಕಾಡಿನಂಚಿನ ಮನೆಯಲ್ಲಿ ನಾಯಿ ಸಾಕುವ ನಮಗೆ ಉಣುಗು ಸಣ್ಣ ವಿಷಯವಲ್ಲ. ಆದರೆ ಕಚ್ಚಿಕೊಂಡಿರುವ ಉಣುಗನ್ನು ರೇಕಿನಿಂದ ಎಳೆಯಬಾರದು, ಬರಿಗೈಯಿಂದಲೂ ಮುಟ್ಟಬಾರದು. ಅದಕ್ಕೆ ಚಿಮುಟವೇ ಬೇಕು.

ಸ್ಲಿಕರ್ ಬ್ರಷ್ ಕಿವಿಯ ಹಿಂದೆ ಮತ್ತು ತೊಡೆಯ ಹಿಂಭಾಗದಲ್ಲಿ ಸಿಕ್ಕು ಬಿಡಿಸಲು ಬಹಳ ಒಳ್ಳೆಯದು, ಮೈಯೆಲ್ಲ ಬಾಚಲು ಅಲ್ಲ. ಬಾಗಿದ ತೆಳು ತಂತಿಗಳ ತುದಿ ಎಷ್ಟು ಚುಚ್ಚುತ್ತದೆಂಬುದನ್ನು ನಮ್ಮ ಮುಂಗೈಯ ಮೇಲೆ ಎಳೆದು ನೋಡಿಯೇ ನಾಯಿಯ ಮೈಗೆ ತಾಗಿಸಬೇಕು. 380 ರೂಪಾಯಿಯ ನನ್ನ ಬ್ರಷ್ಷಿನ ತಂತಿಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದವು.

ರಬ್ಬರ್ ಬ್ರಷ್ಷನ್ನು ಸ್ನಾನದ ಹೊತ್ತಿನಲ್ಲಿ ಶಾಂಪೂ ತಿಕ್ಕಲು ಮಾತ್ರ ಇಟ್ಟುಕೊಂಡಿದ್ದೇನೆ, ಏಕೆಂದರೆ ಚಿನ್ನಿಯ ತುಪ್ಪಳದ ಆಳಕ್ಕೆ ಅದು ಇಳಿಯುವುದೇ ಇಲ್ಲ. ಪಕ್ಕದ ಮನೆಯ ಲ್ಯಾಬ್ರಡಾರ್‌ನ ಗಿಡ್ಡ ಕೂದಲಿಗೆ ಅದೇ 180 ರೂಪಾಯಿಯ ಬ್ರಷ್ ಚೆನ್ನಾಗಿ ಒಪ್ಪಿದೆ, ಅವರಿಗೆ ನಾನು ಬೇರೇನನ್ನೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಮೈಯೆಲ್ಲ ಬೋಳಿಸುವ ಸಲಹೆಯನ್ನೂ ಕೆಲವರು ಕೊಟ್ಟರು. ಎರಡು ಪದರದ ನಾಯಿಗೆ ಅದು ಬಿಸಿಲಿನ ರಕ್ಷಣೆಯನ್ನೇ ಕಿತ್ತುಕೊಂಡಂತೆ, ಆದ್ದರಿಂದ ಆ ಮಾತನ್ನು ನಾನು ಪರಿಗಣಿಸಲಿಲ್ಲ. ಇನ್ನು, ಕೂದಲು ಒಂದೇ ಜಾಗದಲ್ಲಿ ಉದುರಿ ಚರ್ಮ ಬೋಳಾಗಿ ಕಂಡರೆ, ತುರಿಕೆ ಅಥವಾ ದುರ್ವಾಸನೆ ಇದ್ದರೆ, ಅದಕ್ಕೆ ಯಾವ ಬಾಚಣಿಗೆಯೂ ಉತ್ತರವಲ್ಲ, ವೈದ್ಯರಿಗೆ ತೋರಿಸಬೇಕು.

ನನ್ನ ಪದ್ಧತಿ ಹೀಗಿದೆ: ಬುಧವಾರ ಮತ್ತು ಭಾನುವಾರ ಸಂಜೆ, ಮೈ ಪೂರ್ತಿ ಒಣಗಿರುವಾಗ, ಅಂಗಳದಲ್ಲಿ ಹದಿನೈದು ನಿಮಿಷ ರೇಕ್; ರಾಶಿ ಉದುರುವ ದಿನಗಳಲ್ಲಿ ದಿನ ಬಿಟ್ಟು ದಿನ. ದಿನವೂ ಬಾಚುವಷ್ಟು ಪುರುಸೊತ್ತು ನನಗಿಲ್ಲ, ಚಿನ್ನಿಗೆ ಅಷ್ಟು ತಾಳ್ಮೆಯೂ ಇಲ್ಲ. ಮೊದಲೇ ತಿಳಿದಿದ್ದರೆ ರೇಕ್ ಮತ್ತು ರಬ್ಬರ್ ಬ್ರಷ್ ಎರಡೂ ಸೇರಿ 730 ರೂಪಾಯಿಯಲ್ಲಿ ನನ್ನ ಕೆಲಸ ಮುಗಿಯುತ್ತಿತ್ತು.

ಈಗಾಗಲೇ ಬ್ಲೇಡ್ ಕೊಂಡಿರುವವರು ಅದನ್ನು ಎಸೆಯಬೇಕಾಗಿಲ್ಲ. ತಿಂಗಳಿಗೊಮ್ಮೆ, ರೇಕ್ ಮುಗಿದ ಮೇಲೆ, ಒತ್ತಡ ಹಾಕದೆ ಕೂದಲು ಬಾಗಿದ ದಿಕ್ಕಿನಲ್ಲೇ ಐದು ನಿಮಿಷ ಆಡಿಸಿ. ಒಂದೇ ಜಾಗದ ಮೇಲೆ ಮೂರು ನಾಲ್ಕು ಸಲಕ್ಕಿಂತ ಹೆಚ್ಚು ಎಳೆಯಬೇಡಿ. ಬಂದ ಕೂದಲನ್ನು ಬಿಳಿಯ ಕಾಗದದ ಮೇಲೆ ಹರಡಿ, ಬೆನ್ನಿನ ಬಣ್ಣದ ಮೊಂಡು ಚೂರುಗಳು ಕಂಡ ಕೂಡಲೇ ನಿಲ್ಲಿಸಿ.