ಕಡಲಿಂದ ದೂರವಿದ್ದವರಿಗೂ ಬೇಕು: ಅಮೆರಿಕದ ಸರ್ಕಾರಿ ಪ್ರವಾಹ ವಿಮೆ ಹೇಗಿದೆ?

ಹರಿಕೇನ್ (ಅಟ್ಲಾಂಟಿಕ್ ಕಡೆಯ ಚಂಡಮಾರುತ) ಕರಾವಳಿಯವರ ತಲೆನೋವು ಅಂದುಕೊಂಡವರು 2024ರ ಸೆಪ್ಟೆಂಬರ್‌ನ ಹೆಲೀನ್ ಹರಿಕೇನ್ ಅನ್ನು ನೆನಪಿಸಿಕೊಳ್ಳಬೇಕು. ಸಮುದ್ರದಿಂದ ಅಷ್ಟು ದೂರ, ನಾರ್ತ್ ಕ್ಯಾರೊಲಿನಾದ ಬೆಟ್ಟಗಳ ನಡುವಿನ ಆಶ್‌ವಿಲ್ ನಗರದಲ್ಲಿ ಫ್ರೆಂಚ್ ಬ್ರಾಡ್, ಸ್ವಾನನೋವಾ ನದಿಗಳು ಉಕ್ಕಿ ಮನೆಗಳನ್ನೇ ಕೊಚ್ಚಿಕೊಂಡು ಹೋದವು. ಮಾಮೂಲಿ ಮನೆ ವಿಮೆ ಇಂಥ ನೀರಿನ ಹಾನಿಗೆ ದುಡ್ಡು ಕೊಡುವುದಿಲ್ಲ. ಅದಕ್ಕೆ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ನಡೆಸುವ ಎನ್‌ಎಫ್‌ಐಪಿ, ಅಂದರೆ ರಾಷ್ಟ್ರೀಯ ಪ್ರವಾಹ ವಿಮೆ ಯೋಜನೆಯ ಪಾಲಿಸಿ ಬೇಕು.

ಪಾಲಿಸಿ ತೆಗೆದುಕೊಳ್ಳಿ, ಆದರೆ ಓದಿ ತೆಗೆದುಕೊಳ್ಳಿ. ಮನೆಗೆ ಗರಿಷ್ಠ 2.5 ಲಕ್ಷ ಡಾಲರ್, ಸಾಮಾನಿಗೆ 1 ಲಕ್ಷ. ಇವೆರಡನ್ನೂ ಬೇರೆಬೇರೆಯಾಗಿ ಕೊಳ್ಳಬೇಕು, ಡಿಡಕ್ಟಿಬಲ್ (ಕ್ಲೇಮ್‌ನಲ್ಲಿ ನಾವೇ ಭರಿಸಬೇಕಾದ ಮೊತ್ತ) ಕೂಡ ಎರಡಕ್ಕೂ ಬೇರೆಬೇರೆ. ಫ್ರಿಜ್, ಒಲೆ ಕಟ್ಟಡದ ಲೆಕ್ಕಕ್ಕೆ ಬರುತ್ತವೆ. ವಾಷಿಂಗ್ ಮಷೀನ್, ಡ್ರೈಯರ್ ಸಾಮಾನಿನ ಲೆಕ್ಕಕ್ಕೆ. ಸಾಮಾನಿಗೆ ಸವಕಳಿ ಕಳೆದೇ ಹಣ ಕೊಡುತ್ತಾರೆ. ಮನೆ ರಿಪೇರಿಯಾಗುವ ತನಕದ ಬಾಡಿಗೆ, ಹೋಟೆಲ್ ಖರ್ಚು ಇದರಲ್ಲಿ ಸಿಗುವುದೇ ಇಲ್ಲ, ಇದು ದೊಡ್ಡ ಕೊರತೆ.

ಅದಕ್ಕಿಂತ ದೊಡ್ಡ ಪೆಟ್ಟು ಬೇಸ್‌ಮೆಂಟ್‌ನಲ್ಲಿ, ಅಂದರೆ ನೆಲಮಾಳಿಗೆಯಲ್ಲಿ. ಫರ್ನೇಸ್ (ಮನೆ ಬೆಚ್ಚಗಿಡುವ ಯಂತ್ರ), ವಾಟರ್ ಹೀಟರ್, ಎಲೆಕ್ಟ್ರಿಕ್ ಪ್ಯಾನೆಲ್, ಸಂಪ್ ಪಂಪ್‌ಗೆ (ನೆಲಮಾಳಿಗೆಗೆ ಬರುವ ನೀರನ್ನು ಹೊರಹಾಕುವ ಪಂಪ್) ರಕ್ಷಣೆ ಇದೆ; ಕಾರ್ಪೆಟ್, ಸೋಫಾ, ಟಿವಿಗೆ ಇಲ್ಲ. ಬೆಲೆಬಾಳುವುದನ್ನೆಲ್ಲ ಮೇಲಿನ ಮಹಡಿಗೆ ಸಾಗಿಸಿ. ಬಿರುಗಾಳಿಗೆ ಕರೆಂಟ್ ಹೋದರೆ ಸಂಪ್ ಪಂಪ್ ನಿಲ್ಲುತ್ತದೆ, ಬ್ಯಾಟರಿ ಬ್ಯಾಕಪ್ ಹಾಕಿಸಿ. ಹೊರಗೆ ಪ್ರವಾಹವಿಲ್ಲದೆ ಬರೀ ಪಂಪ್ ಕೆಟ್ಟು ನೀರು ತುಂಬಿದರೆ ಈ ಪಾಲಿಸಿ ಅನ್ವಯಿಸದು. ಅದಕ್ಕೆ ಮನೆ ವಿಮೆಯಲ್ಲೇ ವಾಟರ್ ಬ್ಯಾಕಪ್ ಕವರ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳಬೇಕು.

ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಟಿವಿಯಲ್ಲಿ ಚಂಡಮಾರುತದ ನಕ್ಷೆ ನೋಡಿ ಏಜೆಂಟ್‌ಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ. ಹರಿಕೇನ್ ಕಾಲ ಜೂನ್ 1ಕ್ಕೆ ಶುರು, ಹಾಗಾಗಿ ಏಪ್ರಿಲ್‌ನಲ್ಲೇ ಮುಗಿಸಿ. 2021ರಿಂದ ಬಂದ ರಿಸ್ಕ್ ರೇಟಿಂಗ್ 2.0 ಎಂಬ ದರ ಲೆಕ್ಕದ ಪ್ರಕಾರ ಪ್ರೀಮಿಯಂ ಒಂದೊಂದು ಮನೆಗೆ ಒಂದೊಂದು, ಪಕ್ಕದ ಮನೆಯವರ ದರ ಕೇಳಿ ತೀರ್ಮಾನಿಸಬೇಡಿ. 2.5 ಲಕ್ಷ ಸಾಲದು ಅನ್ನುವವರು ಖಾಸಗಿ ಪಾಲಿಸಿಯನ್ನೂ ವಿಚಾರಿಸಿ. ಕೆಲವು ಕಂಪನಿಗಳು ಬಾಡಿಗೆಯನ್ನೂ ಕೊಡುತ್ತವೆ, ಆದರೆ ನವೀಕರಿಸದೆ ಕೈಬಿಡುವ ಅಪಾಯವಿದೆ.

ಕ್ಲೇಮ್‌ನಲ್ಲಿ ಸೋಲುವುದು ದಾಖಲೆ ಇಲ್ಲದವರು. ಈಗಲೇ ಪ್ರತಿ ಕೋಣೆಯ ಫೋಟೋ, ವಾಟರ್ ಹೀಟರ್‌ ಮೇಲಿನ ಸೀರಿಯಲ್ ನಂಬರ್‌ ಸಹಿತ ತೆಗೆದಿಡಿ. ನೀರು ಇಳಿದ ಮೇಲೆ ಗೋಡೆಯ ಮೇಲೆ ಉಳಿದ ಕೆಸರಿನ ಗೆರೆಯನ್ನು ಒರೆಸುವ ಮುಂಚೆ ಫೋಟೋ ತೆಗೆಯಿರಿ, ಕಿತ್ತ ಕಾರ್ಪೆಟ್‌ನ ಒಂದು ತುಂಡು ಇಟ್ಟುಕೊಳ್ಳಿ. ಸಹಿ ಮಾಡಿದ ಪ್ರೂಫ್ ಆಫ್ ಲಾಸ್ (ಹಾನಿಯ ಲೆಕ್ಕ ಕೊಡುವ ಹೇಳಿಕೆ) ಹಾನಿಯಾದ 60 ದಿನದೊಳಗೆ ವಿಮೆ ಕಂಪನಿಗೆ ತಲುಪಬೇಕು. ಮರಳುಚೀಲ, ಪಂಪ್‌ಗೆ ಖರ್ಚು ಮಾಡಿದ್ದರೆ 1,000 ಡಾಲರ್‌ವರೆಗೆ ವಾಪಸ್ ಸಿಗಬಹುದು, ಬಿಲ್ ಎಸೆಯಬೇಡಿ.