ಮೀನು ಅರೆಯಲು ಚಿಕ್ಕ ಚಾಪರ್: ಲ್ಯಾಬಿಗೆ ಆಗುತ್ತಾ?

ಖಡೇಬಜಾರಿನಲ್ಲಿ ಸಿಗುವ ಸಾದಾ ಅಡುಗೆಮನೆ ಚಾಪರ್ ಇದು. ಪ್ಲಾಸ್ಟಿಕ್ ಜಾರ್, ಸ್ಟೀಲ್ ಬ್ಲೇಡ್. ನಾನು ತಗೊಂಡಿದ್ದು ಉಳ್ಳಾಗಡ್ಡಿ ಹೆಚ್ಚೋಕಲ್ಲ. ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ಸಮುದ್ರ ಮೀನಿನ ಆರ್ಸೆನಿಕ್ ಅಳೆಯುವ ಮುಂಚೆ ಮಾಂಸ ಅರೆಯೋಕೆ.

ಮೈಕ್ರೋವೇವ್ ಡೈಜೆಶನ್‌ಗೆ, ಅಂದ್ರೆ ಮೀನನ್ನು ಆಸಿಡ್‌ನಲ್ಲಿ ಬಿಸಿ ಮಾಡಿ ಕರಗಿಸೋಕೆ, ಹಾಕುವುದು ಸುಮಾರು ಅರ್ಧ ಗ್ರಾಂ ಮಾತ್ರ. ಅದಕ್ಕೆ ನೈಟ್ರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಕರಗಿಸಿ ಐಸಿಪಿ-ಎಂಎಸ್ ಅನ್ನೋ ಆರ್ಸೆನಿಕ್ ಅಳೆಯುವ ಯಂತ್ರಕ್ಕೆ ಕೊಡುತ್ತೇವೆ. ಮೀನು ಒಂದೇ ಸಮ ಅರೆಯದಿದ್ದರೆ ಒಂದೇ ಮೀನಿಗೆ ಎರಡು ಸಲ ಎರಡು ಉತ್ತರ ಬರುತ್ತದೆ. ಯಂತ್ರ ಎಷ್ಟೇ ದುಬಾರಿ ಇರಲಿ, ಅದಕ್ಕೆ ಇದು ಗೊತ್ತಾಗಲ್ಲ.

ಬಾಂಗಡಾ ಚೆನ್ನಾಗಿ ಅರೆಯುತ್ತದೆ. ಮುಳ್ಳು, ಕರುಳು ತೆಗೆದು, ಅರ್ಧ ಹೆಪ್ಪುಗಟ್ಟಿದಾಗಲೇ ಹಾಕಬೇಕು. ಮೆತ್ತಗಾದ ಮೇಲೆ ಹಾಕಿದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಸುಕಟ ಅಂದ್ರೆ ಒಣ ಸೀಗಡಿಯಂತೂ ಹಿಟ್ಟೇ ಆಗಿಬಿಡುತ್ತದೆ. ಅದನ್ನು ಜನ ಸಿಪ್ಪೆ ಸಮೇತ ತಿನ್ನುತ್ತಾರೆ, ಹಾಗಾಗಿ ನಾವೂ ಸಿಪ್ಪೆ ಸಮೇತ ಅರೆಯುತ್ತೇವೆ. ಒಂದು ಮಾತು: ಹಸಿ ಮೀನಿನಲ್ಲಿ ಮುಕ್ಕಾಲು ಪಾಲು ನೀರೇ. ಫಲಿತಾಂಶ ಹಸಿ ತೂಕಕ್ಕೋ ಒಣ ತೂಕಕ್ಕೋ ಬರೆಯದಿದ್ದರೆ ನಾಲ್ಕು ಪಟ್ಟು ವ್ಯತ್ಯಾಸ ಕಾಣುತ್ತದೆ. ಬೊಂಡಾಸ್ (ಸ್ಕ್ವಿಡ್) ಮಾತ್ರ ಇದರ ಕೈಲಾಗಲ್ಲ. ರಬ್ಬರಿನಂತೆ ಎಳೆದಾಡುತ್ತದೆ, ಮೋಟರ್ ಬಿಸಿಯಾಗಿ ವಾಸನೆ ಬರುತ್ತದೆ.

ನನ್ನ ದೊಡ್ಡ ತಕರಾರು ಮುಚ್ಚಳದ ರಬ್ಬರ್ ರಿಂಗ್. ಅದರ ಸಂದಿಯಲ್ಲಿ ಹಿಂದಿನ ಮೀನು ಉಳಿಯುತ್ತದೆ. ಪ್ರತಿ ಸಲ ಬಿಚ್ಚಿ ತೊಳೆಯಬೇಕು. ಕೊನೆಗೆ ಶುದ್ಧ ನೀರು ಹಾಕಿ ತಿರುಗಿಸಿ ಆ ನೀರನ್ನೂ ಯಂತ್ರಕ್ಕೆ ಕೊಡಿ, ಜಾರಿನಿಂದ ಏನಾದ್ರೂ ಬಂದಿದ್ದರೆ ಗೊತ್ತಾಗುತ್ತದೆ. ಬ್ಲೇಡನ್ನು ಆಸಿಡ್‌ನಲ್ಲಿ ನೆನೆಸಬೇಡಿ. ಆರ್ಸೆನಿಕ್‌ಗೆ ಸ್ಟೀಲ್ ನಡೆಯುತ್ತದೆ. ಸ್ಟೀಲಿನಿಂದಲೇ ಬರಬಹುದಾದ ಕ್ರೋಮಿಯಂ, ನಿಕಲ್ ಅಳೆಯುವವರಿಗೆ ಈ ಚಾಪರ್ ಬೇಡವೇ ಬೇಡ.

ಹಾಂ, ಇದನ್ನೆಲ್ಲ ಓದಿ ಮೀನು ತಿನ್ನೋದು ಬಿಡಬೇಡಿ ಮತ್ತೆ. ಸಮುದ್ರ ಮೀನಿನ ಆರ್ಸೆನಿಕ್ ಬಹುಪಾಲು ಆರ್ಸೆನೋಬೀಟೈನ್ ಅನ್ನೋ ಹೆಚ್ಚು ಕಡಿಮೆ ನಿರಪಾಯದ ರೂಪದಲ್ಲಿರುತ್ತದೆ. ಅದು ಮೂತ್ರದಲ್ಲಿ ಹಾಗೇ ಹೊರಗೆ ಹೋಗುತ್ತದೆ. ಅಪಾಯ ಇರುವುದು ಅಜೈವಿಕ (ಇಂಗಾಲ ಸೇರದ) ಆರ್ಸೆನಿಕ್‌ನಲ್ಲಿ. ಅದಕ್ಕೆ ಪರೀಕ್ಷೆಯೇ ಬೇರೆ, ಆದರೆ ಅರೆಯುವ ಕೆಲಸ ಇದೇ.

ಬಾಂಗಡಾ, ಸುಕಟ ಇಷ್ಟೇ ಇದ್ದರೆ ಧಾರಾಳವಾಗಿ ತಗೊಳ್ಳಿ, ಜೊತೆಗೆ ಎರಡು ರಿಂಗ್ ಜಾಸ್ತಿ ಕೇಳಿ ಇಟ್ಟುಕೊಳ್ಳಿ. ಐದಕ್ಕೆ ಮೂರೂವರೆ ನಕ್ಷತ್ರ. ಬೊಂಡಾಸ್ ಇದ್ದರೆ ದುಡ್ಡು ಕೂಡಿಸಿ ದೊಡ್ಡ ಹೋಮೊಜಿನೈಸರ್ (ಒಂದೇ ಸಮ ಅರೆಯುವ ಲ್ಯಾಬ್ ಯಂತ್ರ) ನೋಡಿ.