ನಾಲ್ಕು ಮಳೆಗಾಲ ಕಂಡ ಪೆಂಟಾಕ್ಸ್ ಕೆ1000

ಈ ರೀಲಿನ ಕ್ಯಾಮೆರಾಕ್ಕೆ ಆಫ್ ಸ್ವಿಚ್ಚೇ ಇಲ್ಲ. ಲೆನ್ಸಿಗೆ ಬೆಳಕು ಬೀಳುವಷ್ಟು ಹೊತ್ತೂ ಬೆಳಕು ಅಳೆಯುವ ಒಳಗಿನ ಮೀಟರ್ ಸೆಲ್ ತಿನ್ನುತ್ತಲೇ ಇರುತ್ತದೆ. ಕ್ಯಾಪ್ ಹಾಕಿದರೆ ಮಾತ್ರ ಸುಮ್ಮನಾಗುತ್ತದೆ. ಇದು ಗೊತ್ತಾಗುವಷ್ಟರಲ್ಲಿ ನನ್ನ ಮೂರು ಬಟನ್ ಸೆಲ್ ಖಾಲಿಯಾಗಿದ್ದವು. ಸೆಲ್ ಸತ್ತರೂ ಶಟರ್ ನಿಲ್ಲುವುದಿಲ್ಲ ಅನ್ನಿ, ಅದಕ್ಕೆ ಸ್ಪ್ರಿಂಗ್ ಸಾಕು. ಬೆಳಕಿನ ಅಂದಾಜು ಮಾತ್ರ ನಮ್ಮ ತಲೆಗೆ ಬೀಳುತ್ತದೆ.

ಮಾವ ದುಬೈಯಿಂದ ತಂದದ್ದು ಇದು. 1976ರಿಂದ 1997ರವರೆಗೆ ಬಂದ ಮಾಡೆಲ್. ಮೊಬೈಲಿನಲ್ಲಿ ಸಾವಿರಾರು ಫೋಟೊ ತುಂಬಿ, ಒಂದನ್ನೂ ತಿರುಗಿ ನೋಡದಿದ್ದಾಗ ಕಪಾಟಿನಿಂದ ಇಳಿಸಿದೆ.

ರೀಲು ಹಾಕುವುದೇ ಒಂದು ಖುಷಿ. ಎಡಗಡೆಯ ತಿರುಗುವ ಗುಬ್ಬಿ (ನಾಬ್) ಮೇಲಕ್ಕೆಳೆದರೆ ಹಿಂಬಾಗಿಲು ಟಕ್ ಅಂತ ತೆರೆಯುತ್ತದೆ. ರೀಲಿನ ತುದಿಯನ್ನು ಬಲಗಡೆಯ ಸೀಳಿಗೆ ಸಿಕ್ಕಿಸಿ, ತೂತುಗಳು ಹಲ್ಲಿಗೆ ಕೂತಿವೆಯಾ ನೋಡಿ, ಬಾಗಿಲು ಮುಚ್ಚಿ ಲಿವರ್ ಎಳೆಯಬೇಕು. ಆಗ ಆ ಗುಬ್ಬಿ ತಿರುಗಬೇಕು. ತಿರುಗದಿದ್ದರೆ ರೀಲು ಕಚ್ಚಿಲ್ಲ ಅಂತ. ಒಂದು ಜೂನಿನಲ್ಲಿ, ಟ್ರಾಲಿಂಗ್ ನಿಷೇಧವೆಂದು ಮಲ್ಪೆ ಬಂದರಿನಲ್ಲಿ ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿದ್ದಾಗ, ಗುಬ್ಬಿ ನೋಡದೆ 36 ಸಲ ಕ್ಲಿಕ್ ಮಾಡಿ ಬಂದೆ. ಕೌಂಟರ್ ಸರಿಯಾಗಿಯೇ ಎಣಿಸಿತ್ತು. ರೀಲು ಮಾತ್ರ ಅಲ್ಲಾಡಿರಲಿಲ್ಲ.

ಕಲರ್ ರೀಲು, ತೊಳೆಸುವುದು, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿ ಒಂದೂವರೆ ಸಾವಿರದ ಹತ್ತಿರ ಹೋಗುತ್ತದೆ. ನನ್ನ ಸಂಬಳಕ್ಕೆ ಎರಡು ತಿಂಗಳಿಗೊಂದೇ ರೀಲು. ಉಳಿದ ದಿನ ಕ್ಯಾಮೆರಾ ಕಪಾಟಿನಲ್ಲೇ. ಸೆಲ್ ಉಳಿಯಲಿ ಅಂತ ಕ್ಯಾಪ್ ಹಾಕಿ, ಮಾವನ ಚರ್ಮದ ಚೀಲದೊಳಗೆ ಗುಂಡಿ ಹಾಕಿ ಇಡುತ್ತಿದ್ದೆ. ಜುಲೈ-ಆಗಸ್ಟಿನ ಆಟಿಯ ಮಳೆಗೆ ನಮ್ಮಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಲೆನ್ಸನ್ನು ಬಿಡುತ್ತದೆಯಾ? ಮೂರನೇ ಮಳೆಗಾಲ ಮುಗಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಕ್ಯಾಪ್ ತೆಗೆದಿಟ್ಟರೆ ಸೆಲ್ ಹೋಯಿತು, ಕ್ಯಾಪ್ ಹಾಕಿ ಮುಚ್ಚಿಟ್ಟರೆ ಲೆನ್ಸ್ ಹೋಯಿತು. ಒಂದು ಸ್ವಿಚ್ಚಿಗೆ ಎಷ್ಟು ಖರ್ಚಾಗುತ್ತಿತ್ತು ಮಾರಾಯ್ರೆ? ಬಿಚ್ಚಿ ಒರೆಸಿಕೊಟ್ಟವರು 1,800 ರೂಪಾಯಿ ತೆಗೆದುಕೊಂಡರು. ಕೋಟಿಂಗಿನ ಮೇಲಿನ ಕಲೆ ಹೋಗಲಿಲ್ಲ. ಸಂಜೆ ಸೂರ್ಯನಿಗೆ ಎದುರಾಗಿ ತೆಗೆದ ಫೋಟೊಗಳಲ್ಲಿ ಈಗ ತುಸು ಮಂಜು. ಹೆಂಡತಿಗೆ ಅದೇ ಇಷ್ಟವಂತೆ.

ಚರ್ಮದ ಚೀಲ ಅಟ್ಟ ಸೇರಿದೆ. ಕ್ಯಾಮೆರಾ ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸುತ್ತೇನೆ. ಅದಕ್ಕೊಂದು ಹಳೇ ಬಾಣಲೆ ಇದೆ, ಅದು ಇನ್ನು ಅಡುಗೆಗೆ ಇಲ್ಲ.

ಸೆಲ್ಲನ್ನೇ ತೆಗೆದಿಟ್ಟರೆ ಆಯಿತಲ್ವಾ ಅನ್ನಬಹುದು. ತಳದ ಮುಚ್ಚಳ ತಿರುಗಿಸಲು ನಾಣ್ಯ ಬೇಕು. ಮೀನಿಗೂ ಮೊಬೈಲಿನಲ್ಲೇ ದುಡ್ಡು ಕೊಡುವವನ ಜೇಬಿನಲ್ಲಿ ನಾಣ್ಯ ಎಲ್ಲಿಂದ? ಒಂದು ರೂಪಾಯಿಯದ್ದೊಂದನ್ನು ಡಬ್ಬಿಯೊಳಗೇ ಇಟ್ಟಿದ್ದೇನೆ.